ಮಾರಿಕಣಿವೆ: ಒಂದು ಗೋಡೆ, ಎರಡು ತಾಲ್ಲೂಕು



ಈ ಪಾಠದಲ್ಲಿ ನಾವು ಒಂದು ಊರಿನ ವಿಷಯ ಓದೋಣ. ಊರು ಚಿಕ್ಕದು. ಆದರೆ ಆ ಊರಿನ ನೀರು ಕುಡಿಯುವ ಜನ ಲಕ್ಷಗಟ್ಟಲೆ ಇದ್ದಾರೆ. ನಿಮ್ಮಲ್ಲಿ ಕೆಲವರು ಇವತ್ತು ಬೆಳಿಗ್ಗೆ ಕುಡಿದದ್ದೂ ಅದೇ ನೀರು ಇರಬಹುದು.

ಹಿರಿಯೂರಿನಿಂದ ಹೊಸದುರ್ಗದ ದಿಕ್ಕಿಗೆ ಸುಮಾರು 20 ಕಿಲೋಮೀಟರ್ ಹೋಗಬೇಕು. ಬಯಲು ಮುಗಿದು ಬೆಟ್ಟದ ಸಾಲು ಎದುರಾಗುತ್ತದೆ. ಒಂದು ಜಾಗದಲ್ಲಿ ಆ ಸಾಲು ಕಡಿದ ಹಾಗೆ ಸಂದಿ ಇದೆ. ಆ ಸಂದಿಯಲ್ಲಿ ವೇದಾವತಿ ನದಿ ಹರಿಯುತ್ತದೆ. ಸಂದಿಗೆ ಅಡ್ಡಲಾಗಿ ಕಲ್ಲಿನ ದೊಡ್ಡ ಗೋಡೆ. ಗೋಡೆಯ ಕೆಳಗೆ ಊರು. ಗೋಡೆಯ ಆಚೆಗೆ ಕಣ್ಣು ಹಾಯುವಷ್ಟು ದೂರ ನೀರು.

ಊರು ಹಿರಿಯೂರು ತಾಲ್ಲೂಕಿಗೆ ಸೇರಿದೆ. ನೀರಿನ ದಡ ಹಿಡಿದು ಹಿಂದಕ್ಕೆ ಹೋದರೆ ಹೊಸದುರ್ಗ ತಾಲ್ಲೂಕು ಬರುತ್ತದೆ. ಹಾಗಾಗಿ ಇದು ಗಡಿಯ ಊರು. ಗೋಡೆ ಒಂದು ತಾಲ್ಲೂಕಿನಲ್ಲಿದೆ, ನಿಂತ ನೀರು ಇನ್ನೊಂದು ತಾಲ್ಲೂಕಿನವರೆಗೂ ಚಾಚಿದೆ. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಕಾಗದಪತ್ರದಲ್ಲಿ ಊರಿನ ಹೆಸರು ವಾಣಿವಿಲಾಸಪುರ. ಜನರ ಬಾಯಲ್ಲಿ ಮಾರಿಕಣಿವೆ. ಕಣಿವೆ ಅಂದರೆ ಎರಡು ಬೆಟ್ಟಗಳ ನಡುವಿನ ಸಂದಿ. ಅಲ್ಲಿ ಕಣಿವೆ ಮಾರಮ್ಮನ ಗುಡಿ ಇದೆ. ಮಾರಮ್ಮನ ಕಣಿವೆ ಮಾರಿಕಣಿವೆ ಆಯಿತು. ಅಣೆಕಟ್ಟು ನೋಡಲು ಬಂದವರು ಮೊದಲು ಅಮ್ಮನಿಗೆ ಕೈ ಮುಗಿದು ಆಮೇಲೆ ಗೋಡೆಯ ಕಡೆ ಹೋಗುತ್ತಾರೆ.

ನೀರು ಎಲ್ಲಿಂದ ಬರುತ್ತದೆ?

ಚಿಕ್ಕಮಗಳೂರಿನ ಕಡೆ ಬಾಬಾಬುಡನ್ ಬೆಟ್ಟಗಳಿವೆ. ಅಲ್ಲಿ ಎರಡು ಹಳ್ಳ ಹುಟ್ಟುತ್ತವೆ. ಒಂದರ ಹೆಸರು ವೇದಾ. ಇನ್ನೊಂದರ ಹೆಸರು ಅವತಿ. ವೇದಾ ಅಯ್ಯನಕೆರೆಯನ್ನು ತುಂಬಿಸಿ ಬರುತ್ತದೆ. ಅವತಿ ಮದಗದ ಕೆರೆಯನ್ನು ತುಂಬಿಸಿ ಬರುತ್ತದೆ. ಕಡೂರು ಸೀಮೆಯಲ್ಲಿ ಎರಡೂ ಸೇರಿ ವೇದಾವತಿ ಆಗುತ್ತವೆ. ಅಲ್ಲಿಂದ ನದಿ ಹೊಸದುರ್ಗ ತಾಲ್ಲೂಕಿಗೆ ಬಂದು, ಮಾರಿಕಣಿವೆಯ ಸಂದಿಯಲ್ಲಿ ನುಗ್ಗಿ, ಹಿರಿಯೂರಿನ ಬಯಲಿಗೆ ಇಳಿಯುತ್ತದೆ.

ಕಾವೇರಿ, ತುಂಗಾ ನದಿಗಳ ಹಾಗೆ ವೇದಾವತಿಯಲ್ಲಿ ಸದಾ ನೀರು ಇರುವುದಿಲ್ಲ. ಮಳೆ ಬಂದರೆ ಹೊಳೆ, ಇಲ್ಲದಿದ್ದರೆ ಮರಳು. ಹಿರಿಯೂರಿನಲ್ಲಿ ತೇರು ಮಲ್ಲೇಶ್ವರನ ಗುಡಿ ಈ ನದಿಯ ದಂಡೆಯಲ್ಲೇ ಇದೆ. ಎಷ್ಟೋ ವರ್ಷ ನದಿ ಒಣಗಿಯೇ ಇತ್ತು.

ಗೋಡೆ ಯಾಕೆ ಕಟ್ಟಿದರು?

1876ರಿಂದ 1878ರವರೆಗೆ ಮೈಸೂರು ಸೀಮೆಗೆ ಘೋರ ಬರ ಬಂತು. ಮಳೆ ಹೋಯಿತು. ಕೆರೆ ಒಣಗಿದವು. ಕಾಳು ಸಿಗಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನ ಇದ್ದರು. ಹತ್ತು ವರ್ಷ ಬಿಟ್ಟು ಎಣಿಸಿದಾಗ ಸುಮಾರು 42 ಲಕ್ಷ ಜನ ಮಾತ್ರ ಉಳಿದಿದ್ದರು. ಹತ್ತು ವರ್ಷದಲ್ಲಿ ಜನ ಹೆಚ್ಚಾಗಬೇಕಿತ್ತು. ಎಂಟು ಲಕ್ಷ ಕಡಿಮೆಯಾದರು. ಆಗಿನ ಸರ್ಕಾರಕ್ಕೆ ಈ ಬರ ದೊಡ್ಡ ಪಾಠ ಕಲಿಸಿತು. ಸಣ್ಣ ಕೆರೆ ಒಂದು ಬೇಸಿಗೆಗೆ ಸಾಕು. ಎರಡು ಮೂರು ವರ್ಷ ಮಳೆ ಇಲ್ಲದಿದ್ದರೆ ದೊಡ್ಡ ಕೆರೆಯೇ ಬೇಕು.

1894ರ ಡಿಸೆಂಬರಿನಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ಕೃಷ್ಣರಾಜ ಒಡೆಯರಿಗೆ ಆಗ 10 ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ 28 ವರ್ಷ. ಮಗ ದೊಡ್ಡವನಾಗುವವರೆಗೆ ರಾಜ್ಯದ ಭಾರವನ್ನು ಆ ತಾಯಿಯೇ ಹೊತ್ತರು. 1902ರವರೆಗೆ ಸಂಸ್ಥಾನದ ದೊಡ್ಡ ಆದೇಶಗಳು ಅವರ ಹೆಸರಿನಲ್ಲೇ ಹೊರಟವು. ಗಂಡ ಸತ್ತ ಹೆಂಗಸು ಮನೆಯ ಹೊಸಿಲು ದಾಟುವುದೇ ಕಷ್ಟವಾಗಿದ್ದ ಕಾಲ ಅದು. ಅವರನ್ನು 'ವಾಣಿ ವಿಲಾಸ ಸನ್ನಿಧಾನ' ಅಂತ ಕರೆಯುತ್ತಿದ್ದರು. ಬೆಂಗಳೂರಿನಲ್ಲಿ ಹೆರಿಗೆಗೆ ಹೆಸರಾದ ವಾಣಿ ವಿಲಾಸ ಆಸ್ಪತ್ರೆ ಇದೆಯಲ್ಲ, ಅದೂ ಇದೇ ಹೆಸರು.

ಅವರ ಆಡಳಿತದಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮಾರಿಕಣಿವೆಯ ಕೆಲಸ ಶುರುವಾಯಿತು. 1907ರಲ್ಲಿ ಮುಗಿಯಿತು. ಗೋಡೆಯ ಉದ್ದ 1330 ಅಡಿ. ಪಾಯದಿಂದ ಅಳೆದರೆ ಎತ್ತರ 167 ಅಡಿ. ಸಿಮೆಂಟ್ ಹಾಕಿ ಕಟ್ಟಿದ್ದಲ್ಲ. ಕಲ್ಲಿನ ನಡುವೆ ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಕಲಸಿದ ಗಾರೆ. ನೂರು ವರ್ಷ ದಾಟಿದರೂ ಗೋಡೆ ಗಟ್ಟಿಯಾಗಿ ನಿಂತಿದೆ. ನಿಂತ ನೀರಿಗೆ ಮಹಾರಾಣಿಯವರ ಹೆಸರು ಬಂತು. ಅದೇ ವಾಣಿ ವಿಲಾಸ ಸಾಗರ.

ಪತ್ರಿಕೆಯಲ್ಲಿ ಬರುವ ಅಂಕಿ

ಮಳೆಗಾಲದಲ್ಲಿ ಪತ್ರಿಕೆ ತೆಗೆದರೆ ಜಲಾಶಯಗಳ ನೀರಿನ ಮಟ್ಟ ಅಂತ ಒಂದು ಪಟ್ಟಿ ಇರುತ್ತದೆ. 'ವಾಣಿ ವಿಲಾಸ ಸಾಗರ, ಗರಿಷ್ಠ ಮಟ್ಟ 130 ಅಡಿ, ಇಂದಿನ ಮಟ್ಟ ಇಷ್ಟು ಅಡಿ.' ಈಗ ನಾವು ಅಂಕಿ ಓದಬಲ್ಲೆವು. ಆದರೆ ಆ ಅಂಕಿಯ ಅರ್ಥ ತಿಳಿಯಬೇಕಲ್ಲ?

130 ಅಡಿ ಅಂದರೆ ನೀರಿನ ಆಳ. ಅರವತ್ತು ಎಪ್ಪತ್ತು ಅಡಿಯ ತೆಂಗಿನ ಮರ ನೋಡಿದ್ದೀರಿ. ಅಂಥ ಎರಡು ಮರವನ್ನು ಒಂದರ ಮೇಲೆ ಒಂದು ನಿಲ್ಲಿಸಿದರೆ ಎಷ್ಟೋ, ಗೋಡೆಯ ಹತ್ತಿರ ಅಷ್ಟು ಆಳದ ನೀರು.

ಇಲ್ಲಿ ಒಂದು ಮೋಸ ಇದೆ. ಮಟ್ಟ 65 ಅಡಿ ಅಂತ ಬರೆದಿದ್ದರೆ ಅರ್ಧ ನೀರು ಇದೆ ಅಂತ ನಾವು ತಿಳಿಯುತ್ತೇವೆ. ಅರ್ಧ ಇರುವುದಿಲ್ಲ. ಅರ್ಧಕ್ಕಿಂತ ಬಹಳ ಕಡಿಮೆ ಇರುತ್ತದೆ. ಅದು ಹೇಗೆ? ಮನೆಯ ಬಾಣಲೆಯನ್ನು ನೆನೆಸಿಕೊಳ್ಳಿ. ತಳ ಕಿರಿದು, ಬಾಯಿ ಅಗಲ. ತಳದಲ್ಲಿ ಒಂದು ಬೆರಳು ಎಣ್ಣೆ ಏರಬೇಕಾದರೆ ಒಂದು ಸೌಟು ಸಾಕು. ಬಾಯಿಯ ಹತ್ತಿರ ಒಂದು ಬೆರಳು ಏರಬೇಕಾದರೆ ಐದಾರು ಸೌಟು ಬೇಕು. ಕೆರೆಯೂ ಬಾಣಲೆಯೇ. ಮೇಲೆ ಹೋದ ಹಾಗೆ ಅಗಲವಾಗುತ್ತದೆ. ಕೆಳಗಿನ ಒಂದು ಅಡಿಗೆ ಸ್ವಲ್ಪ ನೀರು. ಮೇಲಿನ ಒಂದು ಅಡಿಗೆ ರಾಶಿ ನೀರು. ಆ ಮೇಲಿನ ಒಂದು ಅಡಿ ನೆಲವನ್ನೂ ಹೆಚ್ಚು ಮುಳುಗಿಸುತ್ತದೆ.

ತಳದಲ್ಲಿ ಉಳಿಯುವ ನೀರಿಗೆ ಪತ್ರಿಕೆಯವರು 'ಡೆಡ್ ಸ್ಟೋರೇಜ್' ಅಂತ ಬರೆಯುತ್ತಾರೆ. ತೂಬಿಗಿಂತ ಕೆಳಗೆ ಇರುವ ನೀರು ಅದು. ತೂಬು ಎತ್ತಿದರೂ ಅದು ತಾನಾಗಿ ಕಾಲುವೆಗೆ ಬರುವುದಿಲ್ಲ.

ಇನ್ನೊಂದು ಮಾತು 'ಟಿಎಂಸಿ'. ಮಂತ್ರಿಗಳ ಭಾಷಣದಲ್ಲಿ ಕೇಳಿ ಕೇಳಿ ಸಾಕಾಗಿದೆ ಅಲ್ಲವೇ? ನಮ್ಮ ಬಿಂದಿಗೆಯ ಲೆಕ್ಕದಲ್ಲಿ ನೋಡೋಣ. ಉದ್ದ ಒಂದು ಅಡಿ, ಅಗಲ ಒಂದು ಅಡಿ, ಎತ್ತರ ಒಂದು ಅಡಿ ಇರುವ ಡಬ್ಬದಲ್ಲಿ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. 14 ಲೀಟರಿನ ಬಿಂದಿಗೆ ಆದರೆ ಎರಡು ಬಿಂದಿಗೆ. ಇಂಥ ಡಬ್ಬ 100 ಕೋಟಿ ತುಂಬಿದರೆ ಒಂದು ಟಿಎಂಸಿ. ಅಂದರೆ 200 ಕೋಟಿ ಬಿಂದಿಗೆ. ವಾಣಿ ವಿಲಾಸ ಸಾಗರ ತುಂಬಿದಾಗ ಸುಮಾರು 30 ಟಿಎಂಸಿ. ಅದು 6000 ಕೋಟಿ ಬಿಂದಿಗೆ.

ಲೆಕ್ಕವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯೋಣ. ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಅಂತ ಸರ್ಕಾರದ ಜಲ ಜೀವನ ಮಿಷನ್ ಹೇಳುತ್ತದೆ. ಐದು ಜನರ ಮನೆಗೆ 275 ಲೀಟರ್. ಅಂದರೆ ಸುಮಾರು 20 ಬಿಂದಿಗೆ. ಇಂಥ ಒಂದು ಲಕ್ಷ ಮನೆಗೆ ಒಂದು ವರ್ಷಕ್ಕೆ ಎಷ್ಟು ಬೇಕು? 20 ಬಿಂದಿಗೆ, 365 ದಿನ, ಒಂದು ಲಕ್ಷ ಮನೆ. ಗುಣಿಸಿ ನೋಡಿ. 73 ಕೋಟಿ ಬಿಂದಿಗೆ ಬರುತ್ತದೆ. ಒಂದು ಟಿಎಂಸಿಯಲ್ಲಿ ಅರ್ಧವೂ ಆಗಲಿಲ್ಲ. ಐದು ಲಕ್ಷ ಜನರ ಕುಡಿಯುವ ನೀರು, ಅಡುಗೆ, ಸ್ನಾನ, ಬಟ್ಟೆ ಎಲ್ಲ ಇಷ್ಟರಲ್ಲೇ ಮುಗಿಯಿತು. ಪೈಪಿನಲ್ಲಿ ಸೋರುವ ನೀರು ಬೇರೆ. ಹಾಗಾದರೆ ಉಳಿದ ನೀರು ಎಲ್ಲಿ ಹೋಗುತ್ತದೆ? ಬಹುಪಾಲು ತೋಟ ಗದ್ದೆಗೆ. ಒಂದಷ್ಟು ಬಿಸಿಲಿಗೆ ಆವಿಯಾಗುತ್ತದೆ.

ಕೋಡಿ ಬಿದ್ದ ದಿನ

ದೊಡ್ಡ ಅಣೆಕಟ್ಟು ಅಂದರೆ ಕಬ್ಬಿಣದ ಗೇಟು ಎತ್ತಿ ನೀರು ಬಿಡುವುದನ್ನು ಟಿವಿಯಲ್ಲಿ ನೋಡಿದ್ದೀರಿ. ಮಾರಿಕಣಿವೆಯಲ್ಲಿ ಹೆಚ್ಚಿನ ನೀರು ಬಿಡಲು ಅಂಥ ಗೇಟು ಇಲ್ಲ. ನಮ್ಮ ಊರ ಕೆರೆಗೆ ಇರುವ ಹಾಗೆ ಕೋಡಿ ಇದೆ. ನೀರು 130 ಅಡಿ ದಾಟಿದರೆ ಯಾರ ಅಪ್ಪಣೆಯೂ ಬೇಡ. ತಾನಾಗಿ ಕೋಡಿಯಲ್ಲಿ ಹರಿಯುತ್ತದೆ. ಬಂಡೆಗಳ ಮೇಲೆ ಹರಡಿ, ಹಾಲು ಉಕ್ಕಿದ ಹಾಗೆ ಬೆಳ್ಳಗೆ ಧುಮುಕುತ್ತದೆ. ಊರಿಗೆ ಆಗ ಒಂದು ಜಲಪಾತ ಬಂದ ಹಾಗೆ.

ಈ ಜಲಪಾತವನ್ನು ನೋಡದೆಯೇ ಎರಡು ಮೂರು ತಲೆಮಾರು ಮುಗಿದು ಹೋಯಿತು! ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬದುಕಿದ್ದರು. ಮರುವರ್ಷ ತೀರಿಕೊಂಡರು. ಎರಡನೇ ಸಲ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. "ನಮ್ಮವ್ವ ನೋಡಿದ್ದಳಂತೆ, ನಾನು ನೋಡದೇ ಸಾಯ್ತೀನಿ ಅಂದ್ಕೊಂಡಿದ್ದೆ ಕಣಮ್ಮ" ಅಂತ ನಮ್ಮ ಕಲಿಕಾ ಕೇಂದ್ರದ ಹಿರಿಯರೊಬ್ಬರು ಹೇಳಿದರು. ಟ್ರ್ಯಾಕ್ಟರ್, ಲಗೇಜ್ ಆಟೊ, ಬೈಕು, ಸಿಕ್ಕ ಗಾಡಿ ಹತ್ತಿ ಜನ ಮಾರಿಕಣಿವೆಗೆ ಹೋದರು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟು ಹೆಂಗಸರು ನೀರಿಗೆ ಬಾಗಿನ ಬಿಟ್ಟರು.

ಇಷ್ಟು ವರ್ಷ ಯಾಕೆ ತುಂಬಲಿಲ್ಲ? ಒಂದು, ಕೆರೆ ಬಲು ದೊಡ್ಡದು, ನದಿ ಚಿಕ್ಕದು. ಬರಗಾಲಕ್ಕೆ ಕೂಡಿಡಬೇಕು ಅಂತಲೇ ದೊಡ್ಡದಾಗಿ ಕಟ್ಟಿದ್ದು. ಎರಡು, ಮೇಲಿನ ಊರುಗಳಲ್ಲಿ ಕೆರೆಗಳು, ಚೆಕ್ ಡ್ಯಾಮುಗಳು, ಬೋರ್‌ವೆಲ್‌ಗಳು ಹೆಚ್ಚಾದವು. ಅಲ್ಲಿನವರಿಗೂ ನೀರು ಬೇಕಲ್ಲ. ಅವರನ್ನು ಬೈಯುವ ಹಾಗಿಲ್ಲ. ಆದರೆ ಕೆಳಗೆ ಬರುವ ನೀರು ಕಡಿಮೆಯಾಯಿತು.

2019ರ ಅಕ್ಟೋಬರಿನಲ್ಲಿ ಹೊಸದೊಂದು ನೀರು ಬಂತು. ಅದು ಭದ್ರಾ ನದಿಯ ನೀರು. ಇದಕ್ಕೆ ಭದ್ರಾ ಮೇಲ್ದಂಡೆ ಯೋಜನೆ ಅಂತ ಹೆಸರು. ಭದ್ರಾ ಜಲಾಶಯದ ನೀರನ್ನು ದೊಡ್ಡ ಪಂಪುಗಳಿಂದ ಮೇಲಕ್ಕೆ ಎತ್ತುತ್ತಾರೆ. ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗ ಇದೆ. ನೀರು ಅದರೊಳಗೆ ಹಾದು ಈಚೆಗೆ ಬಂದು, ಹಳ್ಳ ಸೇರಿ, ವೇದಾವತಿ ಸೇರಿ, ಮಾರಿಕಣಿವೆಗೆ ಬರುತ್ತದೆ. ಈ ನೀರಿಗಾಗಿ ನಮ್ಮ ಜಿಲ್ಲೆಯ ರೈತರು ವರ್ಷಾನುಗಟ್ಟಲೆ ಧರಣಿ ಕೂತಿದ್ದಾರೆ, ಪಾದಯಾತ್ರೆ ಮಾಡಿದ್ದಾರೆ. ಮಳೆಯ ನೀರಿನ ಜೊತೆಗೆ ಇದೂ ಸೇರಿತು. 2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಬಿತ್ತು. ಜನವರಿ ಅಂದರೆ ಸಂಕ್ರಾಂತಿಯ ಚಳಿ. ಮಳೆಯೇ ಇಲ್ಲದ ತಿಂಗಳಲ್ಲಿ ಕೋಡಿ!

ಕೋಡಿ ನೋಡಲು ಹೋದವರಿಗೆ ಒಂದು ಮಾತು. ಕೋಡಿಯ ಬಂಡೆಗೆ ಪಾಚಿ ಕಟ್ಟುತ್ತದೆ. ನೀರು ಮೊಣಕಾಲಷ್ಟೇ ಕಾಣುತ್ತದೆ, ಆದರೆ ಸೆಳೆತ ಜಾಸ್ತಿ. ಮಕ್ಕಳ ಕೈ ಬಿಡಬೇಡಿ. ಫೋಟೊಕ್ಕೆ ಅಂತ ಬಂಡೆ ಮೇಲೆ ನಿಲ್ಲಬೇಡಿ.

ಆಚೆ ದಡದವರ ಮಾತು

ಹಿರಿಯೂರಿನ ಕಡೆ ಬಾಗಿನ ಬಿಡುತ್ತಿದ್ದ ಹೊತ್ತಿನಲ್ಲೇ ಹೊಸದುರ್ಗದ ಕಡೆ ಏನಾಗುತ್ತಿತ್ತು? ಮೊದಲೇ ಹೇಳಿದೆವು, ನಿಂತ ನೀರು ಆ ತಾಲ್ಲೂಕಿನವರೆಗೂ ಚಾಚಿದೆ. ಇದಕ್ಕೆ ಹಿನ್ನೀರು ಅಂತ ಹೆಸರು. 2022ರಲ್ಲಿ ಹಿನ್ನೀರು ತೆಂಗಿನ ತೋಟಕ್ಕೆ, ಅಡಿಕೆ ತೋಟಕ್ಕೆ, ಹೊಲಕ್ಕೆ, ಕೆಲವು ಊರುಗಳ ಮನೆಗಳ ಬಾಗಿಲಿಗೂ ಬಂತು. ದಾರಿಗಳು ಮುಳುಗಿದವು.

ಕೋಡಿ 130 ಅಡಿಗೆ ಹರಿಯಲು ಶುರುವಾಯಿತಲ್ಲ, ಮತ್ತೆ ನೀರು ಹೇಗೆ ಏರಿತು ಅಂತ ನೀವು ಕೇಳಬಹುದು. ತುಂಬಿದ ಬಿಂದಿಗೆಗೆ ನಿಧಾನವಾಗಿ ನೀರು ಹಾಕಿದರೆ ಬಾಯಿಯಿಂದ ಸಣ್ಣಗೆ ಚೆಲ್ಲುತ್ತದೆ. ಬಕೆಟ್ ಎತ್ತಿ ಒಮ್ಮೆಲೇ ಸುರಿದರೆ? ಚೆಲ್ಲುವುದಕ್ಕಿಂತ ಬೀಳುವುದು ಹೆಚ್ಚಾಗಿ ನೀರು ಬಾಯಿಯ ಮೇಲೆ ಗುಪ್ಪೆಯಾಗುತ್ತದೆ. ಕೆರೆಯಲ್ಲೂ ಹಾಗೇ. ಮೇಲಿನಿಂದ ಬರುವ ನೀರು ಕೋಡಿಯಲ್ಲಿ ಹೋಗುವ ನೀರಿಗಿಂತ ಹೆಚ್ಚಾದರೆ ಮಟ್ಟ 131, 132 ಅಂತ ಏರುತ್ತಲೇ ಹೋಗುತ್ತದೆ. ಬಾಣಲೆಯ ಲೆಕ್ಕ ನೆನೆಸಿಕೊಳ್ಳಿ. ಬಾಯಿಯ ಹತ್ತಿರದ ಒಂದೊಂದು ಅಡಿಯೂ ಬಹಳ ನೆಲವನ್ನು ನುಂಗುತ್ತದೆ.

89 ವರ್ಷ ನೀರು ಬಾರದ ನೆಲದಲ್ಲಿ ಅಜ್ಜ ಉತ್ತಿದ್ದ, ಅಪ್ಪ ಸಸಿ ನೆಟ್ಟಿದ್ದ, ಮಗ ಮನೆ ಕಟ್ಟಿದ್ದ. ಇಲ್ಲಿಯವರೆಗೆ ನೀರು ಬರುತ್ತದೆ ಅಂತ ಅವರಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ನಿಂತ ನೀರಿನಲ್ಲಿ ತೆಂಗು ಬಹಳ ದಿನ ತಾಳುವುದಿಲ್ಲ, ಬೇರು ಕೊಳೆಯುತ್ತದೆ. "ಮಟ್ಟ 130 ದಾಟದ ಹಾಗೆ ಮಾಡಿ, ನಮ್ಮ ತೋಟ ಉಳಿಸಿ" ಅಂತ ಹೊಸದುರ್ಗದ ರೈತರು ಕೇಳಿದರು. "ಎಷ್ಟೋ ವರ್ಷಕ್ಕೆ ತುಂಬಿದೆ, ಒಂದು ಹನಿಯನ್ನೂ ಕಳೆಯಬೇಡಿ" ಅಂತ ಹಿರಿಯೂರಿನ ರೈತರು ಅಂದರು.

ಯಾರು ಸರಿ? ನಮಗೆ ಅನ್ನಿಸುವುದು ಇಷ್ಟು. ಎರಡು ಮಾತೂ ಸುಳ್ಳಲ್ಲ. ಆದರೆ ಎರಡು ನಷ್ಟವೂ ಒಂದೇ ಅಲ್ಲ. ಒಬ್ಬರಿಗೆ ಮುಂದಿನ ಬೇಸಿಗೆಯ ಚಿಂತೆ. ಇನ್ನೊಬ್ಬರಿಗೆ ಇವತ್ತು ರಾತ್ರಿ ಎಲ್ಲಿ ಮಲಗುವುದು ಅನ್ನುವ ಚಿಂತೆ. ಮುಳುಗಿದವರ ಮಾತನ್ನು ಮೊದಲು ಕೇಳಬೇಕು.

ಇಂಥ ಹೊತ್ತಿನಲ್ಲಿ ಹೆಂಗಸರಿಗೆ ಒಂದು ಬೇರೆ ಕಷ್ಟ ಇದೆ. ಬೆಳೆ ಹೋದರೆ ಸರ್ಕಾರ ಪರಿಹಾರ ಕೊಡುತ್ತದೆ. ಯಾರಿಗೆ ಕೊಡುತ್ತದೆ? ಪಹಣಿಯಲ್ಲಿ ಹೆಸರು ಇದ್ದವರಿಗೆ. ಕಳೆ ತೆಗೆದವಳು, ಕಾಯಿ ಆರಿಸಿದವಳು, ನೀರು ಕಟ್ಟಿದವಳು ಹೆಂಗಸು. ಪಹಣಿಯಲ್ಲಿ ಇರುವುದು ಗಂಡನ ಹೆಸರು, ಕೆಲವು ಸಲ ಸತ್ತು ಹೋದ ಮಾವನ ಹೆಸರು. ಹೆಸರಿದ್ದವರು ತೀರಿಕೊಂಡಿದ್ದರೆ ಪೌತಿ ಖಾತೆ ಮಾಡಿಸಬೇಕು. ಮಾಡಿಸದಿದ್ದರೆ ಹಣ ಬರುವುದು ಕಷ್ಟ. ನಿಮ್ಮ ಹೊಲದ ಪಹಣಿಯನ್ನು ಒಂದು ಸಲ ನೀವೇ ಓದಿ ನೋಡಿ. ಈಗ ಓದಲು ಬರುತ್ತದೆಯಲ್ಲ! ಸರ್ವೆ ನಂಬರ್ ಸರಿ ಇದೆಯಾ, ಬೆಳೆಯ ಹೆಸರು ಸರಿ ಇದೆಯಾ ನೋಡಿ. ತಪ್ಪಿದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ.

ಕೆರೆ ಒಣಗಿದ ವರ್ಷಗಳು

ತುಂಬಿದ ಕೆರೆಯ ಮಾತಾಯಿತು. ಒಣಗಿದ್ದನ್ನೂ ನೆನೆಯಬೇಕು. 2022ಕ್ಕೆ ಮೊದಲು ಕೆಲವು ವರ್ಷ ಮಾರಿಕಣಿವೆಯ ನೀರು ತಳ ಸೇರಿತ್ತು. ಕಾಲುವೆಗೆ ನೀರು ಬಿಡಲಿಲ್ಲ. ಹಿರಿಯೂರು ಸೀಮೆಯಲ್ಲಿ ತೆಂಗಿನ ತೋಟಗಳು ಒಣಗಿದವು. ಸುಳಿ ಬಿದ್ದ ತೆಂಗಿನ ಮರ ಮತ್ತೆ ಚಿಗುರುವುದಿಲ್ಲ. ಮಕ್ಕಳ ಹಾಗೆ ಸಾಕಿದ ಮರಗಳನ್ನು ಕಡಿಸಿ ಹಾಕಿದರು. ಟ್ಯಾಂಕರ್ ನೀರು ಕೊಂಡು ಮರ ಉಳಿಸಲು ಹೋಗಿ ಸಾಲ ಮಾಡಿಕೊಂಡವರೂ ಇದ್ದಾರೆ.

ಕುಡಿಯುವ ನೀರಿನ ಕಷ್ಟ ಇನ್ನೂ ಹೆಚ್ಚು. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಊರುಗಳಿಗೆ ಮಾರಿಕಣಿವೆಯಿಂದ ಪೈಪಿನಲ್ಲಿ ನೀರು ಹೋಗುತ್ತದೆ. ಈ ನೀರು ಸಿಗದ ಊರುಗಳಿಗೆ ಬೋರ್‌ವೆಲ್ಲೇ ಗತಿ. ನಮ್ಮ ಜಿಲ್ಲೆಯಲ್ಲಿ ಬೋರ್ ಆಳಕ್ಕೆ ಹೋದ ಹಾಗೆ ಹಲವು ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಫ್ಲೋರೈಡ್ ಕಲ್ಲಿನಿಂದ ನೀರಿಗೆ ಸೇರುವ ಒಂದು ಲವಣ. ಕಣ್ಣಿಗೆ ಕಾಣುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ.

ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಹಲ್ಲು ಉಜ್ಜಲ್ಲ ನೀನು ಅಂತ ಮಗುವಿಗೆ ಹೊಡೆಯಬೇಡಿ. ತಪ್ಪು ನೀರಿನದು. ದೊಡ್ಡವರಿಗೆ ಸೊಂಟ ನೋವು, ಮಂಡಿ ನೋವು, ಕತ್ತು ತಿರುಗಿಸಲು ಆಗದಿರುವುದು ಶುರುವಾಗುತ್ತದೆ. ಬಹಳ ಹೆಚ್ಚಾದರೆ ಮೂಳೆಯೇ ಬಾಗುತ್ತದೆ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇವೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕಾಯಿಸಿದರೆ ಭೇದಿ ತರುವ ಕ್ರಿಮಿ ಸಾಯುತ್ತದೆ, ಅದು ನಿಜ. ಆದರೆ ಲವಣ ಹಾಗೇ ಉಳಿಯುತ್ತದೆ. ಸಾರು ಕುದಿಸಿದರೆ ಉಪ್ಪು ಹಾರಿ ಹೋಗುತ್ತದಾ? ಇಲ್ಲ. ಇನ್ನೂ ಉಪ್ಪಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಕುಡಿಯಲು ಮತ್ತು ಅಡುಗೆಗೆ ಹೊಳೆಯ ನೀರು, ಮಳೆಯ ನೀರು, ಇಲ್ಲವೇ ಶುದ್ಧ ನೀರಿನ ಘಟಕದ ನೀರು ಬಳಸಬೇಕು. ಬೋರ್ ನೀರನ್ನು ಪಾತ್ರೆ, ಬಟ್ಟೆ, ದನದ ಕೊಟ್ಟಿಗೆ ತೊಳೆಯಲು ಇಟ್ಟುಕೊಳ್ಳಿ. ಊರಿನ ಬೋರ್ ನೀರನ್ನು ಪರೀಕ್ಷೆ ಮಾಡಿಸಿ ಅಂತ ಪಂಚಾಯಿತಿಯನ್ನು ಕೇಳಬಹುದು. ಫಲಿತಾಂಶದ ಕಾಗದ ತೋರಿಸಿ ಅಂತಲೂ ಕೇಳಬಹುದು. ಆ ಕಾಗದದಲ್ಲಿ ಫ್ಲೋರೈಡ್ ಅಂತ ಬರೆದ ಸಾಲು ಹುಡುಕಿ, ಮುಂದಿನ ಅಂಕಿ ಓದಿ. 1.5ಕ್ಕಿಂತ ಕೆಳಗಾ, ಮೇಲಾ?

ತೂಬು ಎತ್ತುವವರು ಯಾರು?

ಕೋಡಿಗೆ ಅಪ್ಪಣೆ ಬೇಡ ಅಂದೆವು. ತೂಬಿಗೆ ಬೇಕು. ಮಾರಿಕಣಿವೆಯ ನೀರು ಎಡದಂಡೆ ಕಾಲುವೆ ಮತ್ತು ಬಲದಂಡೆ ಕಾಲುವೆಯಲ್ಲಿ ಹಿರಿಯೂರಿನ ಅಚ್ಚುಕಟ್ಟಿಗೆ ಹೋಗುತ್ತದೆ. ಅಚ್ಚುಕಟ್ಟು ಅಂದರೆ ಕೆರೆಯಿಂದ ನೀರುಣ್ಣುವ ಜಮೀನು. ಅದು ಸುಮಾರು 30 ಸಾವಿರ ಎಕರೆ. ಯಾವ ದಿನದಿಂದ ಯಾವ ದಿನದವರೆಗೆ ಕಾಲುವೆಗೆ ನೀರು ಬಿಡಬೇಕು ಅನ್ನುವುದನ್ನು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಮಾತಾಡುತ್ತಾರೆ. ಅಧಿಕಾರಿಗಳು, ಶಾಸಕರು, ರೈತ ಮುಖಂಡರು ಅಲ್ಲಿ ಇರುತ್ತಾರೆ. ತೀರ್ಮಾನ ಪತ್ರಿಕೆಯಲ್ಲಿ ಪ್ರಕಟಣೆಯಾಗಿ ಬರುತ್ತದೆ. ಪ್ರಕಟಣೆ ಬಂದ ಮೇಲೆ ಕಾಲುವೆಯಲ್ಲಿ ಬಟ್ಟೆ ಒಗೆಯುವವರು, ದನ ಮೈ ತೊಳೆಯುವವರು ಹುಷಾರಾಗಿರಬೇಕು. ಒಣಗಿದ್ದ ಕಾಲುವೆಗೆ ನೀರು ಒಮ್ಮೆಲೇ ಬರುತ್ತದೆ.

ಸಭೆಯ ಫೋಟೊ ಪತ್ರಿಕೆಯಲ್ಲಿ ಬಂದಾಗ ನಾವು ಕೇಂದ್ರದಲ್ಲಿ ಒಂದು ಆಟ ಆಡುತ್ತೇವೆ. ಎಷ್ಟು ಜನ ಹೆಂಗಸರು ಕೂತಿದ್ದಾರೆ ಅಂತ ಎಣಿಸುತ್ತೇವೆ. ಎಣಿಸಲು ಒಂದೇ ಕೈಯ ಬೆರಳು ಸಾಕಾಗುತ್ತದೆ.

ಕೋಡಿಯ ನೀರು ಮುಂದೆ ಎಲ್ಲಿಗೆ?

ಮಾರಿಕಣಿವೆ ದಾಟಿದ ವೇದಾವತಿ ಹಿರಿಯೂರಿಗೆ ಬರುತ್ತದೆ. ಅಲ್ಲಿ ಸುವರ್ಣಮುಖಿ ಬಂದು ಕೂಡಿಕೊಳ್ಳುತ್ತದೆ. 2022ರಲ್ಲಿ ಕೋಡಿಯ ನೀರು, ಮಳೆಯ ನೀರು ಎರಡೂ ಸೇರಿ ಹಿರಿಯೂರಿನ ತಗ್ಗಿನ ಮನೆಗಳಿಗೂ ನುಗ್ಗಿತ್ತು. ಹೊಳೆಯ ಜಾಗದಲ್ಲಿ ಮನೆ ಕಟ್ಟಿದ್ದರೆ ಹೊಳೆ ಎಂದಾದರೂ ಬರುತ್ತದೆ. ಬಡವರಿಗೆ ಬೇರೆ ಜಾಗ ಎಲ್ಲಿ ಸಿಗಬೇಕು ಅನ್ನುವುದೂ ನಿಜ.

ಹಿರಿಯೂರಿನಿಂದ ನದಿ ಚಳ್ಳಕೆರೆ ತಾಲ್ಲೂಕಿಗೆ ಹೋಗುತ್ತದೆ. ಅಲ್ಲಿಂದ ರಾಜ್ಯದ ಗಡಿ ದಾಟಿ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೆ ಹೋಗುತ್ತದೆ. ಅಲ್ಲಿ ಭೈರವಾನಿತಿಪ್ಪ ಅನ್ನುವ ಕಡೆ ಇದಕ್ಕೆ ಇನ್ನೊಂದು ಅಣೆಕಟ್ಟು ಇದೆ. ಆಮೇಲೆ ನದಿ ಮತ್ತೆ ಕರ್ನಾಟಕಕ್ಕೆ ತಿರುಗಿ, ಬಳ್ಳಾರಿ ಸೀಮೆಯಲ್ಲಿ ಹರಿದು ತುಂಗಭದ್ರೆಯನ್ನು ಸೇರುತ್ತದೆ. ಅಷ್ಟು ದೂರ ಹೋಗುವಾಗ ಹೆಸರೂ ಬದಲಾಗಿರುತ್ತದೆ. ಬಳ್ಳಾರಿಯ ಕಡೆ ಇದನ್ನು ವೇದಾವತಿ ಅಂದರೆ ಅನೇಕರಿಗೆ ತಿಳಿಯುವುದಿಲ್ಲ. ಹಗರಿ ಹೊಳೆ ಅಂತ ಕೇಳಬೇಕು.